ವಿಮಾನದ ಪ್ರಥಮ ದರ್ಜೆಯಲ್ಲಿ ಮಕ್ಕಳ ಆಸನ ಶಿಷ್ಟಾಚಾರ

ವಿಮಾನದ ಪ್ರಥಮ ದರ್ಜೆಯಲ್ಲಿ ಮಕ್ಕಳ ಆಸನ ಶಿಷ್ಟಾಚಾರ ಎಂದರೆ, ವಿಮಾನದ ಮುಂಭಾಗದ ದುಬಾರಿ ಆಸನಗಳಲ್ಲಿ ಮಕ್ಕಳನ್ನು ಕೂರಿಸುವಾಗ ಪಾಲಕರು, ಸಹಪ್ರಯಾಣಿಕರು ಮತ್ತು ವಿಮಾನ ಸಿಬ್ಬಂದಿ ಅನುಸರಿಸುವ ನಿಯಮ ಹಾಗೂ ರೂಢಿಗಳು. ಇವುಗಳಲ್ಲಿ ಕೆಲವು ಸುರಕ್ಷತೆಗೆ ಸಂಬಂಧಿಸಿದ ಲಿಖಿತ ನಿಯಮಗಳಾಗಿದ್ದು, ಉಳಿದವು ಪರಸ್ಪರ ಸೌಜನ್ಯದಿಂದ ಬೆಳೆದು ಬಂದವು. ಹೆಚ್ಚು ಹಣ ತೆತ್ತು ನಿದ್ರೆಯನ್ನೂ ನೆಮ್ಮದಿಯನ್ನೂ ಬಯಸಿ ಬಂದ ಪ್ರಯಾಣಿಕನ ನಿರೀಕ್ಷೆ ಒಂದು ಕಡೆ, ಅಷ್ಟೇ ಹಣ ತೆತ್ತು ಮಗುವಿಗೆ ಆಸನ ಪಡೆದ ಪಾಲಕರ ಹಕ್ಕು ಇನ್ನೊಂದು ಕಡೆ ಇರುವುದರಿಂದ ಈ ವಿಷಯವು ಆಗಾಗ್ಗೆ ವಿವಾದಕ್ಕೆ ಒಳಗಾಗುತ್ತದೆ.

ದರ್ಜೆಗಳು

ಭಾರತದಲ್ಲಿ ಆಡುಮಾತಿನಲ್ಲಿ 'ಫಸ್ಟ್ ಕ್ಲಾಸ್' ಎಂದು ಕರೆಯಲಾಗುವುದು ಬಹುಪಾಲು ಬಿಸಿನೆಸ್ ದರ್ಜೆಯನ್ನೇ. ನಿಜವಾದ ಪ್ರಥಮ ದರ್ಜೆಯು ದೂರದ ಅಂತರರಾಷ್ಟ್ರೀಯ ಮಾರ್ಗಗಳ ಕೆಲವೇ ವಿಮಾನಗಳಲ್ಲಿ ಇರುತ್ತದೆ. ದೇಶದೊಳಗಿನ ಹಾರಾಟಗಳಲ್ಲಿ ಏರ್ ಇಂಡಿಯಾ ಬಿಸಿನೆಸ್ ದರ್ಜೆಯನ್ನು ಒದಗಿಸುತ್ತದೆ. ಬಹುಕಾಲ ಒಂದೇ ದರ್ಜೆಯಲ್ಲಿ ಹಾರಾಟ ನಡೆಸಿದ ಇಂಡಿಗೋ, 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ಮಾರ್ಗದಲ್ಲಿ 'ಸ್ಟ್ರೆಚ್' ಎಂಬ ಮೇಲ್ದರ್ಜೆಯನ್ನು ಆರಂಭಿಸಿತು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್‌ನಲ್ಲಿ ದರ್ಜೆಗಳೇ ಇರಲಿಲ್ಲ. ಕನ್ನಡನಾಡಿನ ಅನೇಕ ಮಧ್ಯಮವರ್ಗದ ಕುಟುಂಬಗಳು ಮಕ್ಕಳೊಡನೆ ಮೊದಲ ಬಾರಿ ವಿಮಾನ ಹತ್ತಿದ್ದು ಆ ಅಗ್ಗದ ದರದ ಕಾಲದಲ್ಲಿಯೇ.

ಈ ಲೇಖನದಲ್ಲಿ ಪ್ರಥಮ ಮತ್ತು ಬಿಸಿನೆಸ್ ದರ್ಜೆಗಳೆರಡನ್ನೂ ಕೂಡಿಸಿ 'ಮೇಲ್ದರ್ಜೆ' ಎನ್ನಲಾಗಿದೆ.

ಬಸ್ಸು ಮತ್ತು ರೈಲಿನ ರೂಢಿಗಳು

ಮಕ್ಕಳನ್ನು ಕೂರಿಸುವ ನಮ್ಮ ರೂಢಿಗಳು ಬಸ್ಸು ಮತ್ತು ರೈಲಿನಲ್ಲಿ ರೂಪುಗೊಂಡವು. ಕರ್ನಾಟಕದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 12 ವರ್ಷದವರೆಗೆ ಅರ್ಧ ಟಿಕೆಟ್. (ಕಂಡಕ್ಟರ್ ಎದುರಿಗೆ ಬಂದೊಡನೆ ಮಕ್ಕಳ ವಯಸ್ಸು ಒಂದೆರಡು ವರ್ಷ ಇಳಿಯುವುದು ಎಲ್ಲರೂ ಬಲ್ಲ ಸಂಗತಿ.) ಟಿಕೆಟ್ ಇಲ್ಲದ ಮಗು ತೊಡೆಯ ಮೇಲೆ ಕೂರಬೇಕೆಂಬುದು ಅಲಿಖಿತ ಕಟ್ಟಳೆ. ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಬಸ್ಸುಗಳಲ್ಲಿ ಸಂತೆ, ಜಾತ್ರೆಯ ದಿನ ನಿಂತು ಪ್ರಯಾಣಿಸುವ ತಾಯಿ, ಕುಳಿತಿರುವ ಅಪರಿಚಿತರ ತೊಡೆಗೆ ತನ್ನ ಕೂಸನ್ನು ಕೊಡುವುದುಂಟು. ಕೊಟ್ಟವರಿಗೂ ಪಡೆದವರಿಗೂ ಅದರಲ್ಲಿ ಸಂಕೋಚವಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಆಸನ ಹಿಡಿಯುವುದೂ ಇದೇ ಬಸ್ಸುಗಳ ರೂಢಿ.

ರಾಯಚೂರಿಗೆ ರೈಲಿನ ನಂಟು ಹಳೆಯದು. ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ರೈಲುಮಾರ್ಗಗಳು 1871ರಲ್ಲಿ ಕೂಡಿದ್ದು ಈ ಊರಿನಲ್ಲಿಯೇ. ಭಾರತೀಯ ರೈಲ್ವೆಯಲ್ಲಿ 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. 5 ವರ್ಷ ತುಂಬಿದ, 12 ತುಂಬದ ಮಕ್ಕಳಿಗೆ ಮೊದಲು ಅರ್ಧ ದರದಲ್ಲಿಯೇ ಪೂರ್ಣ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್‌ನಿಂದ, ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ಣ ದರ ತೆರಬೇಕು. ರೈಲಿನ ಪ್ರಥಮ ದರ್ಜೆ ಹವಾನಿಯಂತ್ರಿತ ಬೋಗಿಯಲ್ಲಿ ಎರಡು ಅಥವಾ ನಾಲ್ಕು ಬರ್ತ್‌ಗಳ ಬಾಗಿಲುಳ್ಳ ಕೋಣೆಗಳಿರುವುದರಿಂದ, ಕುಟುಂಬವೊಂದು ಕೋಣೆಯನ್ನು ಪೂರ್ತಿಯಾಗಿ ಪಡೆದರೆ ಮಕ್ಕಳ ಗದ್ದಲವು ಇತರರನ್ನು ಅಷ್ಟಾಗಿ ತಟ್ಟುವುದಿಲ್ಲ. ವಿಮಾನದ ಮೇಲ್ದರ್ಜೆಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗೋಡೆಗಳಿರುವುದು ತಾಯಿ ಮತ್ತು ಮಗುವಿನ ನಡುವೆ. ಸದ್ದನ್ನು ತಡೆಯುವಷ್ಟು ಎತ್ತರ ಅವಕ್ಕಿಲ್ಲ.

ವಯಸ್ಸು ಮತ್ತು ಸುರಕ್ಷತೆಯ ನಿಯಮಗಳು

ಸಾಮಾನ್ಯವಾಗಿ 2 ವರ್ಷದೊಳಗಿನ ಶಿಶು ಪಾಲಕರ ತೊಡೆಯ ಮೇಲೆ ಪ್ರಯಾಣಿಸಬಹುದು. 2 ವರ್ಷ ತುಂಬಿದ ಮಗುವಿಗೆ ಸ್ವಂತ ಆಸನ ಕಡ್ಡಾಯ. ಹೋಗುವಾಗ ಎರಡು ತುಂಬದೆ, ಹಿಂದಿರುಗುವ ವೇಳೆಗೆ ತುಂಬಿದ್ದರೆ ಹಿಂದಿರುಗುವ ಪ್ರಯಾಣಕ್ಕೆ ಆಸನ ಕೊಳ್ಳಬೇಕು. ಅಮೆರಿಕೆಯಿಂದ ಮಗುವಿನ ಜವಳಕ್ಕೆಂದು ಊರಿಗೆ ಬಂದು ತಿಂಗಳುಗಟ್ಟಲೆ ಉಳಿಯುವ ಕುಟುಂಬಗಳು ಈ ನಿಯಮವನ್ನು ಟಿಕೆಟ್ ಕೊಳ್ಳುವಾಗಲೇ ಗಮನಿಸಬೇಕು. ಒಬ್ಬ ವಯಸ್ಕರ ತೊಡೆಯ ಮೇಲೆ ಒಂದೇ ಶಿಶುವಿಗೆ ಅವಕಾಶ.

ಬಸ್ಸಿನ ಹಾಗೆ ಕೂಸನ್ನು ಪಕ್ಕದವರ ತೊಡೆಗೆ ದಾಟಿಸುವುದು ವಿಮಾನ ಏರುವಾಗಲೂ ಇಳಿಯುವಾಗಲೂ ಸಲ್ಲದು. ಶಿಶುವಿಗೆ ಕೊಡುವ ಚಿಕ್ಕ ಪಟ್ಟಿಯನ್ನು ಪಾಲಕರ ಪಟ್ಟಿಗೆ ಪೋಣಿಸಿ ಕಟ್ಟಬೇಕಾಗುತ್ತದೆ. ಆಮ್ಲಜನಕದ ಮುಖವಾಡಗಳು ಆಸನಗಳಿಗಿಂತ ಒಂದೊಂದು ಮಾತ್ರ ಹೆಚ್ಚಾಗಿರುತ್ತವೆ. ಆದುದರಿಂದ ಒಂದು ಆಸನಗುಂಪಿನಲ್ಲಿ ಎಷ್ಟು ಶಿಶುಗಳಿರಬಹುದೆಂಬುದಕ್ಕೆ ಮಿತಿಯುಂಟು. ಸಿಬ್ಬಂದಿ "ಅಲ್ಲಿ ಬೇಡ, ಇಲ್ಲಿ ಕೂಡಿ" ಎಂದರೆ ಅದಕ್ಕೆ ಬಹುತೇಕ ಇಂತಹ ಕಾರಣವೇ ಇರುತ್ತದೆ, ತಾತ್ಸಾರವಲ್ಲ. ತುರ್ತು ನಿರ್ಗಮನ ದ್ವಾರದ ಸಾಲಿನಲ್ಲಿ ಮಕ್ಕಳನ್ನು ಕೂರಿಸುವಂತಿಲ್ಲ. ಮೇಲ್ದರ್ಜೆಯ ಕೆಲವು ಆಸನಗಳ ಪಟ್ಟಿಯೊಳಗೆ ಗಾಳಿಚೀಲ ಅಡಗಿರುತ್ತದೆ; ಅಂತಹ ಕಡೆ ಶಿಶುವನ್ನು ತೊಡೆಯ ಮೇಲೆ ಕೂರಿಸಲು ಬೇರೆ ಏರ್ಪಾಡು ಬೇಕಾಗುವುದರಿಂದ ಮೊದಲೇ ವಿಚಾರಿಸುವುದು ಒಳಿತು. ಗೋಡೆಗೆ ಜೋಡಿಸುವ ತೊಟ್ಟಿಲು ಕೆಲವೇ ಆಸನಗಳ ಎದುರಿಗೆ ಲಭ್ಯ. ಅದಕ್ಕೆ ತೂಕದ ಮಿತಿಯಿದ್ದು, ವಿಮಾನ ಅಲುಗಾಡುವಾಗ ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ.

ಪಾಲಕರ ಬಳಿಯಲ್ಲಿ ಆಸನ

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ, ಒಂದೇ ಪಿಎನ್‌ಆರ್ ಸಂಖ್ಯೆಯಲ್ಲಿ ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆ-ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಆಸನ ಕೊಡಬೇಕೆಂದೂ, ಅದರ ದಾಖಲೆ ಇಡಬೇಕೆಂದೂ ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಇಷ್ಟವಾದ ಆಸನಕ್ಕೆ ಹೆಚ್ಚುವರಿ ಶುಲ್ಕ ಪಡೆಯುವ ಪದ್ಧತಿಯಿಂದಾಗಿ ಚಿಕ್ಕ ಮಕ್ಕಳು ಪಾಲಕರಿಂದ ದೂರ ಕೂರಬೇಕಾದ ಪ್ರಸಂಗಗಳೇ ಇದಕ್ಕೆ ಹಿನ್ನೆಲೆ.

ಮೇಲ್ದರ್ಜೆಯಲ್ಲಿ ಈ ತೊಡಕು ಬೇರೆ ರೂಪ ತಳೆಯುತ್ತದೆ. ಅಲ್ಲಿಯ ಆಸನಗಳನ್ನು ಒಂಟಿಯಾಗಿ ಪ್ರಯಾಣಿಸುವ ವಯಸ್ಕರನ್ನು ಮನಸ್ಸಿನಲ್ಲಿಟ್ಟು ರೂಪಿಸಲಾಗಿದೆ. ಕಿಟಕಿ ಬದಿಯ ಒಂಟಿ ಆಸನದಲ್ಲಿ ಕುಳಿತ ನಾಲ್ಕು ವರ್ಷದ ಮಗು, ಹಿಂದಿನ ಆಸನದಲ್ಲಿರುವ ತಾಯಿಗೆ ಕಾಣಿಸುವುದೇ ಇಲ್ಲ. ಪಟ್ಟಿ ಬಿಗಿದಿದೆಯೇ, ಬಿಸಿ ಪಾನೀಯ ಚೆಲ್ಲಿತೇ ಎಂದು ನೋಡಲು ಆಕೆ ಎದ್ದು ಬರಬೇಕು. ಆದುದರಿಂದ ನಡುವಣ ಜೋಡಿ ಆಸನಗಳೇ ಮಕ್ಕಳಿರುವವರಿಗೆ ಸೂಕ್ತ. ತಡೆಗೋಡೆಯನ್ನು ಇಳಿಸುವ ಸೌಕರ್ಯ ಹಲವು ವಿಮಾನಗಳಲ್ಲಿದೆ. ಅಗತ್ಯದ ದೃಷ್ಟಿಯಿಂದ ನೋಡಿದರೆ, ಮೂರು ಆಸನಗಳು ಒತ್ತಾಗಿರುವ ಸಾಮಾನ್ಯ ದರ್ಜೆಯು ಚಿಕ್ಕ ಮಕ್ಕಳಿಗೆ ಎಷ್ಟೋ ವೇಳೆ ಮೇಲ್ದರ್ಜೆಗಿಂತ ಹಿತಕರ. ದುಬಾರಿಯಾದದ್ದೆಲ್ಲ ಮಗುವಿಗೆ ಉತ್ತಮವೆಂಬ ಭಾವನೆ ಇಲ್ಲಿ ಹೊಂದುವುದಿಲ್ಲ.

ಆಸನ ಬದಲಾಯಿಸಿಕೊಳ್ಳಲು ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅದಕ್ಕೊಂದು ರೀತಿಯಿದೆ. ಮೊದಲು ವಿಮಾನ ಸಂಸ್ಥೆಯನ್ನೂ ಬಳಿಕ ಸಿಬ್ಬಂದಿಯನ್ನೂ ಕೇಳಿ, ಕೊನೆಯಲ್ಲಿ ಸಹಪ್ರಯಾಣಿಕರನ್ನು ಕೇಳುವುದು ಕ್ರಮ. ಪ್ರತಿಯಾಗಿ ಕೊಡುವ ಆಸನವು ಅವರದಕ್ಕೆ ಸಮನಾಗಿರಬೇಕು ಅಥವಾ ಉತ್ತಮವಾಗಿರಬೇಕು. ಮೇಲ್ದರ್ಜೆಯವರನ್ನು ಸಾಮಾನ್ಯ ದರ್ಜೆಗೆ ಹೋಗಿರೆಂದು ಕೇಳುವುದು ಸಭ್ಯತೆಯಲ್ಲ. ಇನ್ನೊಬ್ಬರ ಆಸನದಲ್ಲಿ ಮಗುವನ್ನು ಮೊದಲೇ ಕೂರಿಸಿ, ಅವರು ಬಂದಾಗ "ಮಗು ಇದೆ, ಸ್ವಲ್ಪ ಹೊಂದಿಸಿಕೊಳ್ಳಿ" ಎನ್ನುವುದು ಟವೆಲ್ ಎಸೆಯುವ ಪದ್ಧತಿಯ ಮುಂದುವರಿಕೆ. ಕೇಳಿಸಿಕೊಂಡವರು ಒಲ್ಲೆನೆಂದರೆ ಕಾರಣ ಕೇಳುವಂತಿಲ್ಲ.

ಪಾಲಕರು ಮುಂದೆ, ಮಕ್ಕಳು ಹಿಂದೆ

ಪಾಲಕರು ಮೇಲ್ದರ್ಜೆಯಲ್ಲಿ ಕುಳಿತು ಮಕ್ಕಳನ್ನು ಸಾಮಾನ್ಯ ದರ್ಜೆಯಲ್ಲಿ ಕೂರಿಸುವುದು ಇನ್ನೊಂದು ಚರ್ಚಿತ ವಿಷಯ. ಬ್ರಿಟನ್ನಿನ ಹೆಸರಾಂತ ಬಾಣಸಿಗ ಗಾರ್ಡನ್ ರಾಮ್ಸೆ, ತಮ್ಮ ಮಕ್ಕಳಿಗೆ ಪ್ರಥಮ ದರ್ಜೆಯನ್ನು ಇನ್ನೂ ದುಡಿದು ಗಳಿಸಿಲ್ಲವೆಂಬ ಕಾರಣದಿಂದ ಸಾಮಾನ್ಯ ದರ್ಜೆಯ ಟಿಕೆಟ್ ಕೊಡಿಸುವುದಾಗಿ 2017ರಲ್ಲಿ ಹೇಳಿದಾಗ ಸಾಕಷ್ಟು ಪರ-ವಿರೋಧ ವ್ಯಕ್ತವಾಯಿತು. ಸುಖವನ್ನು ದುಡಿಮೆಯ ಫಲವಾಗಿ ಕಲಿಸುವ ಉದ್ದೇಶ ಒಪ್ಪತಕ್ಕದ್ದೇ. ಹದಿಹರೆಯದ ಮಕ್ಕಳಿಗೆ ಅದು ಸರಿ. ಐದಾರು ವರ್ಷದ ಮಗುವಿನ ವಿಷಯದಲ್ಲಿ ಮಾತ್ರ ಇದು ಶಿಕ್ಷಣವಾಗದೆ, ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ಬಿಟ್ಟಿ ದಾದಿಯ ಕೆಲಸ ಹೊರಿಸಿದಂತಾಗುತ್ತದೆ. ಮಕ್ಕಳು ಪದೇಪದೇ ಪರದೆ ಸರಿಸಿ ಮುಂದಿನ ಭಾಗಕ್ಕೆ ಬರುವುದನ್ನು ಸಿಬ್ಬಂದಿ ತಡೆಯುತ್ತಾರೆ. ಇಬ್ಬರಲ್ಲಿ ಒಬ್ಬರಾದರೂ ಮಗುವಿನ ಬಳಿ ಕೂರುವುದು, ಅರ್ಧ ದಾರಿಯಲ್ಲಿ ಸ್ಥಳ ಬದಲಿಸುವುದಿದ್ದರೆ ಸಿಬ್ಬಂದಿಯ ಅನುಮತಿ ಪಡೆಯುವುದು ಉಚಿತ.

ಮಕ್ಕಳಿಲ್ಲದ ವಲಯಗಳು

ಮಲೇಷ್ಯಾ ಏರ್‌ಲೈನ್ಸ್ ತನ್ನ ಬೋಯಿಂಗ್ 747 ವಿಮಾನಗಳ ಪ್ರಥಮ ದರ್ಜೆಯಲ್ಲಿ ಶಿಶುಗಳಿಗೆ ಅವಕಾಶವಿಲ್ಲವೆಂಬ ನಿಲುವು ತಳೆದಿದ್ದು 2011ರಲ್ಲಿ ಬೆಳಕಿಗೆ ಬಂದಿತು. 2013ರಲ್ಲಿ ಏರ್‌ಏಷ್ಯಾ ಎಕ್ಸ್ 'ನಿಶ್ಶಬ್ದ ವಲಯ'ವನ್ನು ತೆರೆಯಿತು. 2016ರಲ್ಲಿ ಇಂಡಿಗೋ, ಹೆಚ್ಚು ಕಾಲುಜಾಗವಿರುವ ಕೆಲವು ಸಾಲುಗಳನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲವೆಂದು ಹೇಳಿದಾಗ ಭಾರತದಲ್ಲಿಯೂ ಚರ್ಚೆ ನಡೆಯಿತು. ಜಪಾನ್ ಏರ್‌ಲೈನ್ಸ್ ಆರಿಸಿದ ದಾರಿ ಬೇರೆ: ಆಸನ ಆಯ್ಕೆಯ ನಕ್ಷೆಯಲ್ಲಿ 2 ವರ್ಷದೊಳಗಿನ ಶಿಶುಗಳು ಎಲ್ಲಿರುತ್ತಾರೆಂಬುದನ್ನು ಚಿಕ್ಕ ಚಿತ್ರದ ಮೂಲಕ ಅದು ತೋರಿಸುತ್ತದೆ. ಯಾರನ್ನೂ ಹೊರಗಿಡದೆ, ಬೇಕಾದವರು ದೂರ ಕೂರಲು ಅನುವು ಮಾಡುವ ಈ ಏರ್ಪಾಡು ಹೆಚ್ಚು ನ್ಯಾಯಯುತವೆನ್ನಬಹುದು.

ಅಳು ಮತ್ತು ಅದರ ಕಾರಣ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ಆರಂಭಿಸಿದ ನೇರ ಹಾರಾಟವು ಸುಮಾರು 16 ಗಂಟೆಗಳದ್ದು. ಅಂತಹ ಪ್ರಯಾಣದಲ್ಲಿ ಮಗು ಒಮ್ಮೆಯೂ ಅಳಬಾರದೆಂದು ಬಯಸುವುದು ವ್ಯರ್ಥ. ಅಳುವಿಗೆ ಸಾಮಾನ್ಯ ಕಾರಣ ಕಿವಿನೋವು. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ನಡುಗಿವಿಯನ್ನು ಗಂಟಲಿಗೆ ಕೂಡಿಸುವ ಯೂಸ್ಟೇಶಿಯನ್ ನಾಳವು ಮಕ್ಕಳಲ್ಲಿ ಕಿರಿದಾಗಿರುವುದರಿಂದ ಒತ್ತಡ ಬೇಗ ಸಮನಾಗದು. ನುಂಗುವಾಗ ನಾಳ ತೆರೆದುಕೊಳ್ಳುವುದರಿಂದ, ಇಳಿಯುವ ಹೊತ್ತಿಗೆ ಕೂಸಿಗೆ ಹಾಲೂಡಿಸುವುದು ಮತ್ತು ಬೆಳೆದ ಮಕ್ಕಳಿಗೆ ಪೆಪ್ಪರಮಿಂಟಿನಂತಹ ಚೀಪುವ ತಿನಿಸು ಕೊಡುವುದು ಉಪಯುಕ್ತ. ಕೂಸು ನಿದ್ರಿಸುತ್ತಿದೆಯೆಂದು ಬಿಟ್ಟರೆ ನೆಲ ಮುಟ್ಟುವ ವೇಳೆಗೆ ಚೀರಿಕೊಂಡು ಏಳಬಹುದು. ನೆಗಡಿಯಾಗಿರುವ ಮಗುವನ್ನು ಹೊರಡುವ ಮೊದಲು ವೈದ್ಯರಿಗೆ ತೋರಿಸುವುದು ಲೇಸು.

ಅಳುವಿಗೆ ಪಾಲಕರು ಹೊಣೆಯಲ್ಲ. ಮುಂದಿನ ಆಸನವನ್ನು ಒದೆಯುವುದು, ಕಿವಿಗೆ ಹೆಡ್‌ಫೋನ್ ಹಾಕದೆ ಚಿತ್ರ ನೋಡುವುದು, ನಡುದಾರಿಯಲ್ಲಿ ಓಡಾಡುವುದು ಇವುಗಳಿಗೆ ಹೊಣೆ ಅವರೇ. ಕೆಲವು ಪಾಲಕರು ಅಕ್ಕಪಕ್ಕದವರಿಗೆ ಕಿವಿಯ ಬಿರಡೆ, ಚಾಕೊಲೇಟ್‌ಗಳಿರುವ ಪೊಟ್ಟಣ ಹಂಚಿ ಮುಂಗಡವಾಗಿ ಕ್ಷಮೆ ಕೋರುತ್ತಾರೆ. ಇದು ಸೌಜನ್ಯವಾದರೂ ಕರ್ತವ್ಯವಲ್ಲ. ಮಗುವನ್ನು ಕರೆತಂದುದಕ್ಕೆ ಯಾರೂ ಕ್ಷಮೆ ಕೇಳಬೇಕಾಗಿಲ್ಲ.

ಸಿಬ್ಬಂದಿಯ ಪಾತ್ರ

ತಕರಾರು ಬಂದಾಗ ಸಹಪ್ರಯಾಣಿಕರು ಪಾಲಕರನ್ನು ಗದರಿಸದೆ ಸಿಬ್ಬಂದಿಗೆ ತಿಳಿಸಬೇಕು. ಭಾರತದಲ್ಲಿ 2017ರ ನಿಯಮಗಳು ಪ್ರಯಾಣಿಕರ ಅಶಿಸ್ತನ್ನು ಮೂರು ಹಂತಗಳಾಗಿ ವಿಂಗಡಿಸಿವೆ. ಮಾತಿನ ದೌರ್ಜನ್ಯ ಮೊದಲ ಹಂತಕ್ಕೆ ಸೇರಿದ್ದು, ಅದಕ್ಕೆ ಮೂರು ತಿಂಗಳವರೆಗೆ ಹಾರಾಟ ನಿಷೇಧವಿದೆ. ಮಗುವಿನ ಅಳು ಯಾವ ಹಂತಕ್ಕೂ ಸೇರುವುದಿಲ್ಲ. ಅದಕ್ಕಾಗಿ ತಾಯಿಯನ್ನು ನಿಂದಿಸಿದವರು ಸೇರಬಹುದು.

ಪಾಲಕರಿಲ್ಲದೆ ಒಂಟಿಯಾಗಿ ಪ್ರಯಾಣಿಸುವ ಮಕ್ಕಳಿಗೆ ಅನೇಕ ವಿಮಾನ ಸಂಸ್ಥೆಗಳಲ್ಲಿ ಪ್ರತ್ಯೇಕ ಶುಲ್ಕದ ಸೇವೆಯಿದೆ. ಇದು ಸಾಮಾನ್ಯವಾಗಿ 5ರಿಂದ 12 ವರ್ಷದವರಿಗೆ ಅನ್ವಯಿಸುತ್ತದೆ. ಇಂತಹ ಮಕ್ಕಳನ್ನು ಸಿಬ್ಬಂದಿಯ ಕಣ್ಣಿಗೆ ಬೀಳುವ ಕಡೆ ಕೂರಿಸಿ, ಇಳಿದ ಬಳಿಕ ಗುರುತಿನ ಚೀಟಿ ನೋಡಿ ಮೊದಲೇ ಹೆಸರಿಸಿದ ಬಂಧುಗಳಿಗೆ ಒಪ್ಪಿಸಲಾಗುತ್ತದೆ.