ಬೆಕ್ಕು ಬಂದದ್ದು ಹಾಲಿಗಲ್ಲ

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಮ್ಮ ಗಾದೆಯಲ್ಲಿದೆ. ಬಿಸಿ ಹಾಲಿಗೆ ಬಾಯಿಟ್ಟು, ಮತ್ತೆ ಹಾಲು ಕಂಡರೆ ಓಡುವ ಬೆಕ್ಕು ತೆನಾಲಿ ರಾಮಕೃಷ್ಣನ ಕಥೆಯಲ್ಲಿದೆ. ಬೆಕ್ಕಿಗೆ ಹಾಲೇ ಆಹಾರ ಎಂಬ ನಂಬಿಕೆ ಅಷ್ಟು ಹಳೆಯದು. ಆದರೆ ಬೆಕ್ಕಿನ ಚರಿತ್ರೆ ಬೇರೆಯೇ ಇದೆ.

ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ವಂಶದ ಈ ಪ್ರಾಣಿ ಮನುಷ್ಯನ ಬಳಿ ಬಂದದ್ದು ಕಣಜದ ಇಲಿಗಳನ್ನು ಅರಸಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು.

ಮನೆ ಸೇರಿದರೂ ಅದರ ಬೇಟೆಗಾರನ ಮೈ ಬದಲಾಗಲಿಲ್ಲ. ಬಾಗಿಲು ಪರಚುವುದು ತುಂಟತನವಲ್ಲ. ಉಗುರಿನ ಹಳೆಯ ಪೊರೆ ಕಳಚಲು, ತನ್ನ ವಾಸನೆಯ ಗುರುತು ಬಿಡಲು. ಹೊಡೆದರೆ ಹೆದರೀತೇ ಹೊರತು ಬಿಡದು. ಗೋಣಿ ಸುತ್ತಿದ ಗಟ್ಟಿ ಕಂಬವೊಂದನ್ನು ಕೊಟ್ಟು ನೋಡಬೇಕು.

ಆಹಾರದ ಮಾತು ಇನ್ನೂ ಗಂಭೀರ. ಮಾಂಸದಲ್ಲಿರುವ ಟಾರೀನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಕೆಡುವುದನ್ನು 1975ರಲ್ಲಿ, ಹೃದಯ ದುರ್ಬಲವಾಗುವುದನ್ನು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಬೆಳೆದ ಬೆಕ್ಕಿನಲ್ಲಿ ಕುಗ್ಗುತ್ತದೆ; ಹಲವಕ್ಕೆ ಭೇದಿಯಾಗುತ್ತದೆ.

ಹಳ್ಳಿಯ ಬೆಕ್ಕು ಹಾಲು ಅನ್ನ ತಿಂದರೂ ಹಿತ್ತಿಲಲ್ಲಿ ಇಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಪಟ್ಟಣದ ಮಹಡಿ ಮನೆಯಲ್ಲಿ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ಆ ದಾರಿಯಿಲ್ಲ. ಮೀನು, ಮಾಂಸ ತರದ ಮನೆಯವರು ಟಾರೀನ್ ಸೇರಿಸಿದ ಸಿದ್ಧ ಆಹಾರವನ್ನಾದರೂ ಕೊಡಬೇಕು. ಪ್ರೀತಿಯಿಂದ ಹಾಕುವ ಮೊಸರನ್ನವೊಂದೇ ಅದರ ಕಣ್ಣನ್ನು ಉಳಿಸಲಾರದು.