ಗೋಡೆಯೊಳಗಿನ ತಂತಿ

ಕರ್ನಾಟಕದಲ್ಲಿ ವಿದ್ಯುತ್ ಕಂಬಕ್ಕೆ ನಾವು ಇಂದಿಗೂ ‘ಲೈಟು ಕಂಬ’ವೆಂದೇ ಹೇಳುತ್ತೇವೆ. ಇದಕ್ಕೆ ಕಾರಣವುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ಬಂದಿತು. ಮುಂದೆ ಅದು ಮನೆಮನೆಗೆ ಬಂದಾಗ ಜನ ಅದರಿಂದ ಮುಖ್ಯವಾಗಿ ಬಯಸಿದ್ದು ಬೆಳಕನ್ನು. ಹಳೆಯ ಮನೆಗಳ ತಂತಿಗಳೂ ಆ ಅಳತೆಯವೇ.

ಮೈಸೂರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯ ದುರಸ್ತಿಗೆ ತೊಡಗಿದಾಗ ನಾನು ಯೋಚಿಸಿದ್ದು ನೆಲ, ಬಣ್ಣ, ಕಿಟಕಿಗಳ ಬಗೆಗೆ ಮಾತ್ರ. ವೈರಿಂಗಿನ ಮೇಸ್ತ್ರಿ ಹಳೆಯ ಫ್ಯೂಸನ್ನು ಕಳಚಿ ನನ್ನ ಮುಂದೆ ಹಿಡಿದರು. ಸಣ್ಣ ಎಳೆಯಿರಬೇಕಾದಲ್ಲಿ ದಪ್ಪ ತಾಮ್ರದ ತಂತಿ. ನೀರು ಕಾಯಿಸುವ ಗೀಸರು ಹಾಕಿದಾಗಲೆಲ್ಲ ಫ್ಯೂಸು ಹೋಗುತ್ತಿತ್ತೆಂದು ಅದನ್ನು ಸುತ್ತಿದವನು ನಾನೇ. “ಕಾವಲುಗಾರನ ಕೈಯನ್ನೇ ಕಟ್ಟಿಹಾಕಿದ್ದೀರಲ್ಲ ಸ್ವಾಮಿ” ಎಂದರು ಅವರು. ಹಿಂದಿನ ಮರದ ಪಟ್ಟಿ ಕಪ್ಪಾಗಿತ್ತು. ತಂತಿಯ ರಬ್ಬರು ಮುಟ್ಟಿದರೆ ಉದುರುತ್ತಿತ್ತು. ಆ ಗೋಡೆಯ ಆಚೆಗೆ ಮೊಮ್ಮಕ್ಕಳು ಮಲಗುತ್ತಿದ್ದರು.

ಲೆಕ್ಕ ಸರಳವಾದುದು. ಎರಡು ದೀಪ, ಒಂದು ಫ್ಯಾನು ಸೇರಿದರೂ ಒಂದು ಆಂಪಿಯರ್ ಆಗದು. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ.

ಆದುದರಿಂದ ಗಾರೆ ಹಾಕುವ ಮುನ್ನ ಕಾಗದ ಹಿಡಿದು ಕೂಡಬೇಕು. ಇಂದಿನ ಉಪಕರಣಗಳನ್ನೂ ನಾಳೆ ಬರಬಹುದಾದವನ್ನೂ ಅವುಗಳ ವಾಟಿನೊಡನೆ ಬರೆಯಬೇಕು. ಒಟ್ಟು ಹೊರೆ ಮಂಜೂರಾದುದನ್ನು ಮೀರಿದರೆ ವಿದ್ಯುತ್ ಕಂಪನಿಗೆ ಮೊದಲೇ ಅರ್ಜಿ ಕೊಡಬೇಕು. ಸಾಮಾನ್ಯವಾಗಿ ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ದೊಡ್ಡ ಪ್ಲಗ್ಗುಗಳಿಗೆ 2.5, ಗೀಸರು ಮತ್ತು ಏ.ಸಿ.ಗಳಿಗೆ 4, ಇವೆರಡಕ್ಕೂ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ದಾರಿ. ಅಂತಿಮ ನಿರ್ಣಯ ಲೈಸೆನ್ಸ್ ಪಡೆದ ಗುತ್ತಿಗೆದಾರರದಾಗಿರಲಿ.

ಫ್ಯೂಸಿನ ಸ್ಥಾನಕ್ಕೆ ಈಗ ಎಂ.ಸಿ.ಬಿ. ಬಂದಿದೆ. ಅದು ಕಾಯುವುದು ತಂತಿಯನ್ನು. ಆದುದರಿಂದ ಅದರ ಅಳತೆ ತಂತಿ ತಾಳುವಷ್ಟನ್ನು ಮೀರಬಾರದು. ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲು ಸಾಕು. 16 ಆಂಪಿಯರಿನ ಎಂ.ಸಿ.ಬಿ.ಗೆ ಅದು ತಿಳಿಯುವುದೇ ಇಲ್ಲ. ಮನುಷ್ಯನ ಕಾವಲಿಗೆ ಬೇಕಾದದ್ದು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ನೋಡುತ್ತಿರುತ್ತದೆ. ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುತ್ತದೆ. ಇದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಗೆ ಸೇರುವ ಹಸಿರು ತಂತಿ ನೆಲದಲ್ಲಿ ಹೂತ ಅರ್ತಿಂಗ್‌ಗೆ ನಿಜವಾಗಿ ತಲುಪಿದೆಯೇ ಎಂಬುದನ್ನೂ ಅಳೆಸಬೇಕು.

ಕೊನೆಯದಾಗಿ ಒಂದು ಮಾತು. ಗೋಡೆ ಮುಚ್ಚುವ ಮೊದಲು ಕೊಳವೆಗಳು ಹೋದ ದಾರಿಯ ನಕ್ಷೆ ಬರೆದಿಡಿ. ನಮ್ಮ ಮನೆಯ ನಕ್ಷೆಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಮುಂದೊಮ್ಮೆ ಮೊಮ್ಮಗ ಆ ಗೋಡೆಗೆ ನನ್ನ ಪಟ ತೂಗುಹಾಕಲು ಹೊರಟರೆ, ಮೊಳೆ ಎಲ್ಲಿ ಹೊಡೆಯಬಾರದೆಂಬುದು ಅವನಿಗೆ ತಿಳಿದಿರಲಿ.