ದುಬಾಯಿಯಿಂದ ಬಜ್ಪೆಗೆ ದೂರವೆಷ್ಟು, ಹೊತ್ತೆಷ್ಟು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ದುಬಾಯಿಯಲ್ಲಿ ಸಂಸಾರ ಹೂಡಿರುವುದು ಪ್ರಿಯ ವಾಚಕರಿಗೆ ವಿದಿತವೇ ಆಗಿದೆ. ಹೆತ್ತವರಾದರೋ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿರುವರು. "ಮೂರೂವರೆ ಗಂಟೆಯ ದಾರಿಯಷ್ಟೆ" ಎಂದು ಉಭಯ ಪಕ್ಷದವರೂ ಸಮಾಧಾನಪಟ್ಟುಕೊಳ್ಳುವುದುಂಟು. ಈ ಲೆಕ್ಕವನ್ನೇ ನಂಬಿ, ಮನೆಯಲ್ಲಿ ಮರಣವು ಸಂಭವಿಸಿದಾಗ ಸಮಾಧಿಯ ಹೊತ್ತನ್ನು ಗೊತ್ತುಮಾಡುವವರೂ ಇರುವುದರಿಂದ, ಅದನ್ನು ಕೊಂಚ ವಿವರಿಸುವುದು ಯುಕ್ತವೆಂದು ತೋರುತ್ತದೆ.

ಬಜ್ಪೆಯ ವಿಮಾನ ನಿಲ್ದಾಣವು 1951ನೆಯ ಇಸವಿ ದಶಂಬರ 25ರಂದು, ಕ್ರಿಸ್ತಜಯಂತಿಯ ದಿನವೇ, ಆರಂಭವಾಯಿತು. ದುಬಾಯಿಗೆ ನೇರ ವಿಮಾನವು ದೊರೆತದ್ದು 2006ರಲ್ಲಿ. ಗೋಲದ ಮೇಲೆ ಈ ಎರಡು ಸ್ಥಳಗಳ ನಡುವೆ ನೂಲನ್ನು ಬಿಗಿಹಿಡಿದರೆ ಯಾವ ದಾರಿಯು ಕಾಣುವುದೋ ಅದೇ ಅತಿ ಹತ್ತಿರದ ದಾರಿ. ಅದರ ಉದ್ದವು ಸುಮಾರು 2,460 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರಿನಂತೆ ಭಾಗಿಸಿದರೆ ಮೂರು ಗಂಟೆಗೆ ತುಸು ಮೇಲೆ ಬರುತ್ತದೆ. ಆದರೆ ವಿಮಾನವು ನೆಲದ ಮೇಲೆ ಮೆಲ್ಲನೆ ಉರುಳುವುದಕ್ಕೂ ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಸಮಯ ಬೇಕು. ಬೆಂಗಳೂರು ಆಕಾಶದಲ್ಲಿ ಬರೇ 300 ಕಿಲೋಮೀಟರಿನಷ್ಟಿದ್ದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯೆಂದು ಬರೆಯುವುದು ಇದರಿಂದಲೇ. ಚಳಿಗಾಲದಲ್ಲಂತೂ ಮೇಲಿನ ಆಕಾಶದ ಗಾಳಿಯು ಪಡುವಣದಿಂದ ಮೂಡಣಕ್ಕೆ ಬಲವಾಗಿ ಬೀಸುವುದರಿಂದ, ಹೋಗುವುದಕ್ಕಿಂತ ಬರುವುದಕ್ಕೆ ಕಡಿಮೆ ಹೊತ್ತು ಸಾಕು.

ಟಿಕೇಟಿನಲ್ಲಿ ಮುದ್ರಿಸಿದ ಗಂಟೆಗಳೋ ಆಯಾ ಊರಿನವು. ದುಬಾಯಿಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 10ಕ್ಕೆ ಹೊರಟ ವಿಮಾನವು ಮೂರೂವರೆ ಗಂಟೆ ಹಾರಿ ಇಲ್ಲಿ ಇಳಿಯುವಾಗ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 3 ಆಗಿರುತ್ತದೆ. ಐದು ಗಂಟೆಯ ಪ್ರಯಾಣವೆಂದು ಅದನ್ನು ಓದಬಾರದು.

ಇನ್ನು ಮನೆಬಾಗಿಲಿನ ಲೆಕ್ಕ. ಪರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚಿತವಾಗಿ ನಿಲ್ದಾಣವನ್ನು ಸೇರತಕ್ಕದ್ದು. ಹಾರಾಟಕ್ಕೆ ಮೂರೂವರೆ, ಇಳಿದ ಮೇಲೆ ರಹದಾರಿಯ ತಪಾಸಣೆ, ಸಾಮಾನು ಎಂದು ಒಂದು ಗಂಟೆ. ಬಂಟವಾಳದವರಿಗೂ ಮೂಡಬಿದಿರೆಯವರಿಗೂ ಬಜ್ಪೆಯು ಹತ್ತಿರವೇ. ಬೆಳ್ತಂಗಡಿಗೆ 50 ಕಿಲೋಮೀಟರಿಗೂ ಮಿಗಿಲಾಗಿ ಒಂದೂವರೆ ಗಂಟೆಯನ್ನಾದರೂ ಇಡಬೇಕು. ಅಂತು ಒಂಬತ್ತು ಗಂಟೆ. ಅವಳು ರಜೆ ಪಡೆದು, ಸ್ಥಳ ದೊರಕಿಸಿ, ಮಕ್ಕಳನ್ನು ಯಾರಿಗಾದರೂ ಒಪ್ಪಿಸಿ ಹೊರಡುವ ಹೊತ್ತು ಇದರಲ್ಲಿ ಸೇರಿಲ್ಲ. ಆದುದರಿಂದ ಸಭಾಪಾಲಕರಿಗೆ ಹೊತ್ತು ತಿಳಿಸುವ ಮುಂಚೆ, ವಿಮಾನವು ಎಷ್ಟು ಗಂಟೆಯದೆಂದು ಕೇಳಿದರೆ ಸಾಲದು. ಅವಳು ಮನೆಯಂಗಳವನ್ನು ಮೆಟ್ಟುವುದು ಎಷ್ಟು ಗಂಟೆಗೆಂದು ಕೂಡಿಸಿ ನೋಡತಕ್ಕದ್ದು. ತಾಯಿಯ ಮುಖವನ್ನು ಕಡೆಯ ಬಾರಿ ಕಾಣುವುದು ಎರಡು ತಾಸಿನ ತಪ್ಪು ಲೆಕ್ಕದಿಂದ ಹೋಗಿಬಿಡಬಾರದಷ್ಟೆ.

ಮಳೆಗಾಲದಲ್ಲಿ ಇನ್ನೂ ಹೆಚ್ಚು ಕಾದಿರಿಸಬೇಕು. ಬಜ್ಪೆಯ ಓಡುದಾರಿಯು ಗುಡ್ಡದ ನೆತ್ತಿಯನ್ನು ಸಮಮಾಡಿ ರಚಿಸಿದ್ದು. ಮೋಡವು ಅದರ ಮೇಲೆಯೇ ಕವಿದರೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುವುದುಂಟು. ಮೋಡ ಸರಿದ ಮೇಲೆ ಅದೇ ವಿಮಾನವು ಮರಳಿ ಬಂದರೆ ಸರಿ. ಇಲ್ಲವಾದರೆ ಬೆಂಗಳೂರಿನಿಂದ ಶಿರಾಡಿ ಘಾಟಿಯನ್ನಿಳಿದು ಬರುವುದಕ್ಕೆ ಏಳೆಂಟು ಗಂಟೆ ಹಿಡಿಯುತ್ತದೆ.